ಏರಿನಲ್ಲಿ ಭಾರ ಯಾರದು

ಕಾರಿನ ಕಾಯಿಲೆಯನ್ನು ಕಿವಿಯಿಂದಲೇ ಹೇಳಬಲ್ಲವನು ಎಂದು ಮಂಡ್ಯದ ನಮ್ಮ ಗುತ್ತಲು ಬಡಾವಣೆಯಲ್ಲಿ ನನಗೊಂದು ಹೆಸರಿತ್ತು. ಆ ಹೆಸರು ಕೊಟ್ಟುಕೊಂಡವನು ನಾನೇ. ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಸ್ತೂರಿರಂಗನೆಂಬ ನನಗೆ ಕಾರು ಕೊಳ್ಳುವ ಯೋಗವೆಲ್ಲಿಂದ ಬರಬೇಕು? ಎಪ್ಪತ್ತನಾಲ್ಕರಲ್ಲಿ ಪೆಟ್ರೋಲಿನ ಬೆಲೆ ಹುಚ್ಚೆದ್ದು ಏರಿದಾಗ, ಊರು ಬಿಟ್ಟು ಹೋಗುತ್ತಿದ್ದ ಇಂಜಿನಿಯರೊಬ್ಬರು ತಮ್ಮ ಹಳೆಯ ವಿಲಾಯತಿ ಕಾರನ್ನು ದಾನ ಕೊಟ್ಟಂತೆ ಕೊಟ್ಟರು. ಜೊತೆಗೊಂದು ರಿಪೇರಿ ಪುಸ್ತಕವಿತ್ತು. ಅರ್ಧ ಓದಿದೆ, ಉಳಿದರ್ಧವನ್ನು ಊಹಿಸಿಕೊಂಡೆ.

ಕಾರಿಗೆ ಇದ್ದದ್ದು ಒಂದೇ ಕಾಯಿಲೆ. ಮಂಡ್ಯದೊಳಗೆ ಸುತ್ತುವಾಗ ಕುದುರೆಯ ಹಾಗೆ ಓಡುತ್ತಿತ್ತು. ಕಚೇರಿಯ ಸ್ನೇಹಿತರನ್ನು ತುಂಬಿಕೊಂಡು ಬೆಸಗರಹಳ್ಳಿಗೆ ಹೋದಾಗಲೂ ಚಕಾರವೆತ್ತಲಿಲ್ಲ. ಆದರೆ ನನ್ನ ಹೆಂಡತಿ ಪಂಕಜಳನ್ನು ಕೂರಿಸಿಕೊಂಡು ಮಳವಳ್ಳಿಗೆ, ಅಂದರೆ ನನ್ನ ಮಾವನ ಮನೆಗೆ ಹೊರಟರೆ, ಮದ್ದೂರಿನವರೆಗೆ ಹೇಗೋ ತೆವಳಿ, ಚಿಕ್ಕರಸಿನಕೆರೆ ಹತ್ತಿರದ ಏರಿಗೆ ಬಂದದ್ದೇ ಉಬ್ಬಸ ಹಿಡಿದು, ಕಪ್ಪು ಹೊಗೆ ಬಿಟ್ಟು ನಿಲ್ಲುತ್ತಿತ್ತು. ಎಷ್ಟು ಒತ್ತಿದರೂ ಎಳೆತವೇ ಇಲ್ಲ. ವಾಪಸು ಬರುವಾಗ ಮತ್ತೆ ಕುದುರೆ. ಮಾವನ ಮನೆಯ ಮೇಲೆ ಕಾರಿಗೂ ನನ್ನಷ್ಟೇ ಪ್ರೀತಿ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದೆ.

ನಿಂತ ಕೂಡಲೇ ನಾನು ಅಂಗಿಯ ತೋಳು ಮಡಚಿ ಬಾನೆಟ್ ಎತ್ತುತ್ತಿದ್ದೆ. ನಾನು ಹೋಟೆಲಿನ ಕಾಫಿ ಮುಟ್ಟುವವನಲ್ಲ. ಆದ್ದರಿಂದ ಪಂಕಜ ದೊಡ್ಡ ಫ್ಲಾಸ್ಕಿನ ತುಂಬ ಕಾಫಿ ತುಂಬಿ, ಚೀಲದಲ್ಲಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ತನ್ನ ಮೊಣಕಾಲಿನ ಹತ್ತಿರ ತೂಗುಹಾಕಿಕೊಂಡು ಬರುತ್ತಿದ್ದಳು. ಕಾರು ನಿಂತರೆ ಚೀಲ ಇಳಿಸಿ ನನಗೆ ಕಾಫಿ ಬಗ್ಗಿಸುವಳು. ನಾನು ಕುಡಿಯುತ್ತ ಪ್ಲಗ್ ಒರೆಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ದುಂಬಿಯಂತೆ ಸದ್ದು ಮಾಡುತ್ತಿತ್ತು.

“ನೋಡಿದೆಯಾ? ಪ್ಲಗ್ಗು!” ಎನ್ನುತ್ತಿದ್ದೆ.

“ನೋಡಿದೆ,” ಎನ್ನುತ್ತಿದ್ದಳು.

ಅವಳು ಹತ್ತಿ ಕೂತು ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ಉಬ್ಬಸ. ಮುಂದಿನ ಸಲ ಪೆಟ್ರೋಲ್ ಪಂಪು ಎಂದೆ. ಅದರ ಮುಂದಿನ ಸಲ ಗಾಳಿ ಸೋಸುವ ಜಾಲರಿ ಎಂದೆ. ಒಂದೊಂದನ್ನೇ ಬದಲಾಯಿಸುತ್ತ ಹೋಗಿ, ಎಂಜಿನ್ನಿನಲ್ಲಿ ಬದಲಾಯಿಸಲು ಏನೂ ಉಳಿಯದಾಗ ನನ್ನ ಬುದ್ಧಿ ಅಲ್ಲಿಂದ ಹೊರಬಿದ್ದು ಪಕ್ಕದ ಸೀಟಿನ ಮೇಲೆ ಹೋಗಿ ಕೂತಿತು. ಪಂಕಜ ಸ್ವಲ್ಪ ಮೈಕೈ ತುಂಬಿಕೊಂಡವಳು.

ಏರಿನ ಪಕ್ಕದ ಗದ್ದೆಯ ಅಂಕಯ್ಯ ಪ್ರತಿ ಸಲವೂ ಕೆಲಸ ಬಿಟ್ಟು ಬಂದು ಕಾರು ತಳ್ಳುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ. “ಏನ್ ಸ್ವಾಮಿ ಇದ್ರ ಕಾಯ್ಲೆ? ಒಂದ್ಸಲನಾದ್ರೂ ನಿಮ್ ಕಾರು ಸುಮ್ಕೆ ಓಗಕಿಲ್ವಲ್ಲ?”

“ಭಾರ ಕಣಯ್ಯ. ಮುಂದಿನ ಸೀಟಿನ ಭಾರ!” ಎಂದು ನಾನು ಗದ್ದೆಗೆಲ್ಲ ಕೇಳುವಂತೆ ಹೇಳಿದೆ.

“ಅಂಗಾರೆ ಅಮ್ಮಾವ್ರು ಇಳುದ್ರೆ ಓಯ್ತದೆ ಅನ್ನಿ,” ಎಂದು ಅಂಕಯ್ಯ ನಕ್ಕ. ಕಬ್ಬಿನ ಕಳೆ ಕೀಳುತ್ತಿದ್ದ ಹೆಂಗಸರೂ ನಕ್ಕರು. ಪಂಕಜ ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು, ಬಿಸಿಲಿನಲ್ಲಿ ಏರು ಹತ್ತಿದಳು. ಕಾರು ಅವಳಿಗಿಂತ ಮೊದಲೇ ಸರಾಗವಾಗಿ ಮೇಲೆ ಹೋಗಿ ನಿಂತಿತು. ನನ್ನ ರೋಗನಿದಾನ ಸರಿಯಾಯಿತೆಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಅಂದಿನಿಂದ ಅವಳು ರಾತ್ರಿ ಅನ್ನ ಬಿಟ್ಟಳು. ಒಂದು ಹಿಡಿ ಅವಲಕ್ಕಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ಯಾಕೆಂದು ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಯಿತು, ಕಾರಿಗೆ ಒಳ್ಳೆಯದೇ ಆಗುತ್ತದೆ ಎಂದುಕೊಂಡೆ.

ಆಮೇಲೆ ಅವಳ ತಂಗಿ ಆಂಡಾಳ್‌ಗೆ ಸೀಮಂತ ಬಂತು. ಹಿಂದಿನ ದಿನ ಪಂಕಜ ನಿಧಾನವಾಗಿ ಹೇಳಿದಳು. “ನಾನು ಬಸ್ಸಿಗೆ ಹೋಗ್ತೀನಿ. ನೀವು ಕಾರಲ್ಲಿ ಬನ್ನಿ. ಇನ್ನು ಮೇಲೆ ನಾನು ಆ ಕಾರಲ್ಲಿ ಕೂರೋದಿಲ್ಲ ರೀ.” ಹೆಂಡತಿ ಬಸ್ಸಿನಲ್ಲಿ, ಗಂಡ ಕಾರಿನಲ್ಲಿ ಬಂದಿಳಿದರೆ ಮಾವನ ಮನೆಯವರು ಏನೆಂದುಕೊಂಡಾರು? ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅವಳು ನನ್ನ ಕಾಫಿಯ ಚೀಲವನ್ನು ಮಾತ್ರ ಮರೆಯದೆ ಎಂದಿನ ಜಾಗದಲ್ಲೇ ತೂಗುಹಾಕಿ ಹೋಗಿದ್ದಳು.

ಅದೇ ಏರಿನಲ್ಲಿ ಕಾರು ಏದುಸಿರು ಬಿಟ್ಟು ನಿಂತಿತು. ಎಂಜಿನ್ ಮಾತ್ರ ಇನ್ನೂ ಕೆಮ್ಮುತ್ತಿತ್ತು.

ಅಂಕಯ್ಯ ಬಂದು ಒಳಗೆ ಬಗ್ಗಿ ನೋಡಿದ. “ಅಮ್ಮಾವ್ರೆಲ್ಲಿ ಸ್ವಾಮಿ?”

“ಬಸ್ಸಲ್ಲಿ ಬರ್ತಾರೆ.”

“ಮತ್ತೆ ಇದ್ಯಾಕ್ ನಿಂತದೆ?”

ಉತ್ತರ ತಪ್ಪಿಸಿಕೊಳ್ಳಲು ಕಾಫಿಗೆ ಕೈ ಹಾಕಿದೆ. ಚೀಲ ಎತ್ತಿದೆನೋ ಇಲ್ಲವೋ, ಎಂಜಿನ್ನಿನ ಕೆಮ್ಮು ನಿಂತಿತು. ಮತ್ತೆ ತೂಗುಹಾಕಿದೆ, ಕೆಮ್ಮಿತು. ಎತ್ತಿದೆ, ಸರಿಹೋಯಿತು. ಬಗ್ಗಿ ನೋಡಿದರೆ ಚೀಲದ ಹಿಡಿ ನೇತಾಡುತ್ತಿದ್ದದ್ದು ಚೋಕಿನ ಗುಬುಟಿನ ಮೇಲೆ. ಚಳಿಗೆ ಎಂಜಿನ್ ಎದ್ದೇಳದಿದ್ದಾಗ ಎಳೆಯಬೇಕಾದ ಗುಬುಟು ಅದು. ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲು ಜಾಸ್ತಿಯಾಗುತ್ತದೆ, ಬಿಸಿಯಾದ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಸಡಿಲವಾಗಿದ್ದ ಗುಬುಟನ್ನು ತುಂಬಿದ ಫ್ಲಾಸ್ಕು ಹಳ್ಳಕೊಳ್ಳದಲ್ಲಿ ಕುಲುಕಿ ಎಳೆದುಬಿಡುತ್ತಿತ್ತು, ಚೀಲ ಎತ್ತಿದರೆ ಅದು ತಾನೇ ಒಳಕ್ಕೆ ಸರಿಯುತ್ತಿತ್ತು. ಬರುವಾಗ ಫ್ಲಾಸ್ಕು ಖಾಲಿ.

“ಏನ್ ಸ್ವಾಮಿ, ಕಾರಿಗೆ ಮಂಗಳಾರತಿ ಎತ್ತುತಿದ್ದೀರಾ?” ಎಂದ ಅಂಕಯ್ಯ. ಅಷ್ಟರಲ್ಲಿ ಬಸ್ಸು ಬಂತು. “ಅಮ್ಮಾವ್ರು ಅವ್ರೆ, ನಿಲ್ಸಪ್ಪೋ!” ಎಂದು ಅವನೇ ಕೈ ಅಡ್ಡ ಹಾಕಿದ.

ಕಿಟಕಿಯಲ್ಲಿ ಪಂಕಜಳ ಮುಖ ಕಂಡಿತು. ಇಳಿದು ಹೋಗಿತ್ತು. ದಿನವೂ ಎದುರಿಗೇ ಇದ್ದ ಮುಖ, ನಾನು ನೋಡಿಯೇ ಇರಲಿಲ್ಲ. ಕಾರ್ಬೊರೇಟರು ಎಂದುಬಿಡೋಣ, ಚೀಲವನ್ನು ಮೆಲ್ಲಗೆ ಹಿಂದಿನ ಸೀಟಿಗೆ ಎಸೆಯೋಣ ಎಂದು ಬಾಯಿ ತೆರೆದದ್ದೂ ನಿಜ. ಆ ಮುಖದ ಮುಂದೆ ಆಗಲಿಲ್ಲ. ನನಗೆ ವಿಪರೀತ ನಾಚಿಕೆಯಾಯಿತು.

“ಪಂಕಜ, ಭಾರ ನಿನ್ನದಲ್ಲ,” ಎಂದು ಕೂಗಿದೆ, ಬಸ್ಸಿಗೆಲ್ಲ ಕೇಳಿಸಿತು. “ನನ್ನ ಕಾಫಿದು. ಚೀಲ ಚೋಕಿಗೆ ನೇತುಬಿದ್ದಿತ್ತು.”

ಪಕ್ಕದಲ್ಲಿದ್ದ ಪುಟ್ಟಮಾದಮ್ಮ ಎಂಬ ಮುದುಕಿ, ದಾರಿಯಲ್ಲೇ ಪರಿಚಯವಾಗಿ ಕತೆಯೆಲ್ಲ ಕೇಳಿಕೊಂಡವಳಿರಬೇಕು, ಕಿಟಕಿಯಿಂದ ತಲೆ ಹಾಕಿದಳು. “ಕಾಪಿಗಾ? ಅಷ್ಟಕ್ಕೆ ಈ ತಾಯಿನ ಬಿಸ್ಲಲ್ಲಿ ನಡುಸ್ಬುಟ್ಯಾ? ತಗಿ ಅತ್ಲಾಗೆ!”

ಪಂಕಜ ನಗಲಿಲ್ಲ. “ಅದನ್ನ ಕಂಡುಹಿಡಿಯೋಕೆ ನಾನು ಕಾರಿಂದ ಇಳೀಬೇಕಾಯ್ತು,” ಎಂದಳು.

“ಈಗ ಬಂದು ಕೂತ್ಕೋ.”

“ಬಸ್ಸು ಚೆನ್ನಾಗಿ ಎಳೀತಿದೆ. ಇದರಲ್ಲೇ ಬರ್ತೀನಿ. ಆ ಚೀಲ ಇತ್ತ ಕೊಡಿ.”

ಕೊಟ್ಟೆ. ಬಸ್ಸು ಹೊರಟಿತು. ಹಿಂದಿನಿಂದ ನೋಡುತ್ತಿದ್ದ ಹಾಗೆ ಅವಳು ಪುಟ್ಟಮಾದಮ್ಮನಿಗೆ ನನ್ನ ಕಾಫಿಯನ್ನು ಬಗ್ಗಿಸಿ ಕೊಡುತ್ತಿದ್ದದ್ದು ಕಂಡಿತು. ಮಳವಳ್ಳಿಯವರೆಗೂ ಅದರ ಧೂಳು ಕುಡಿಯುತ್ತ ಹಿಂದೆಯೇ ಹೋದೆ. ಬಸ್ಸನ್ನು ಹಿಂದೆ ಹಾಕುವಷ್ಟು ಎಳೆತ ಕಾರಿಗೆ ಬಂದಿತ್ತು. ನನಗೆ ಬರಲಿಲ್ಲ.