ದಫ್ತರದಲ್ಲಿಲ್ಲದ ಚಿಗರಿ

“ಕಾಡುಪ್ರಾಣಿಗಳು: ಇಲ್ಲ. ಚಿಗರಿ: ಇಲ್ಲ.”

ಬೀದರಿನಿಂದ ಬಂದ ಅಧಿಕಾರಿ ಪಂಚಾಯತಿಯ ಜೀವವೈವಿಧ್ಯ ದಫ್ತರವನ್ನು ಗಟ್ಟಿಯಾಗಿ ಓದಿ, ಪುಟವನ್ನು ಸಭೆಗೆ ತಿರುಗಿಸಿ ಹಿಡಿದ. “ಕೆಳಗೆ ಸಹಿ ಯಾರದು ನೋಡಿ. ಸಮಿತಿ ಅಧ್ಯಕ್ಷೆ ಕಾಂತಾಬಾಯಿ. ಮತ್ತೇನು ತಕರಾರು? ಊರ ಹುಲ್ಲುಗಾವಲು, ಈ ಗಾಯರಾಣ, ಸುಮ್ಮನೆ ಬಿದ್ದಿದೆ. ಕಲ್ಲಿನ ಖಣಿಗೆ ಕೊಟ್ಟರೆ ಯಾರಿಗೆ ನಷ್ಟ?”

ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಊರು ಅದು. ಊರಿಗೆ ಊರೇ ಕಾಂತಾಬಾಯಿಯ ಕಡೆ ತಿರುಗಿತು. ಅವಳು ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ಸಹಿ ಅವಳದೇ, ಅದರಲ್ಲೇನು ಸಂಶಯ!

ಪ್ರತಿ ಪಂಚಾಯತಿಯೂ ತನ್ನ ಸೀಮೆಯ ಗಿಡ, ಹಕ್ಕಿ, ಪ್ರಾಣಿಗಳನ್ನು ಬರೆದಿಡಬೇಕೆಂದು ದಿಲ್ಲಿಯ ಕಾಯ್ದೆ ಹೇಳುತ್ತದಂತೆ. ಆರು ವರ್ಷದ ಹಿಂದೆ ಆ ದಫ್ತರ ಬಂದಾಗ ಊರು ಮಾಡಿದ ಶಹಾಣ್ತನ ಇದು. ಚಿಗರಿ ಇವೆ ಅಂದರೆ ಜಂಗಲ್ ಖಾತೆಯವರು ಗಾಯರಾಣಕ್ಕೆ ಬೇಲಿ ಬಿಗಿಯುತ್ತಾರೆ, ದನ ಬಿಡಗೊಡುವುದಿಲ್ಲ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. “ಇಲ್ಲ ಅಂತ ಬರದು ಬಿಡು” ಎಂದು ಮೊದಲು ಅಂದವನು ಅವಳ ಗಂಡ ವೈಜಿನಾಥನೇ. ಬರೆದಳು. ಅದೇ ದಿನ ಬೆಳಿಗ್ಗೆ ಡಬ್ಬಿ ಬಡಿದು ಹದಿನೇಳು ಚಿಗರಿಗಳನ್ನು ತನ್ನ ತೊಗರಿ ಹೊಲದಿಂದ ಗಾಯರಾಣಕ್ಕೆ ಅಟ್ಟಿ ಬಂದಿದ್ದಳು.

ಈಗ ಪಕ್ಕದಲ್ಲಿ ಕೂತ ವೈಜಿನಾಥ ಅವಳ ಸೆರಗು ಜಗ್ಗಿದ. “ಸುಮ್ಮ ಕೂಡು. ಈಗ ಅದಾವ ಅಂದ್ರ ನಿನ್ನ ಮ್ಯಾಲೇ ಕೇಸ್ ಹಾಕ್ತಾರ.”

“ಹಾಕ್ಲಿ ಬಿಡ್ರಿ,” ಎಂದು ಕಾಂತಾಬಾಯಿ ಎದ್ದಳು. “ಸಾಹೇಬ್ರ, ನಾ ಸುಳ್ಳ ಬರ್ದೀನ್ರಿ.”

ಅಧಿಕಾರಿ ಕನ್ನಡಕ ತೆಗೆದ. “ಸರಕಾರಿ ದಾಖಲೆಯಲ್ಲಿ ಸುಳ್ಳು ಬರೆದೆ ಅಂತ ಎಲ್ಲರೆದುರು ಒಪ್ಪಿಕೊಳ್ತಿದ್ದೀರಾ? ಏನಾಗುತ್ತೆ ಗೊತ್ತಾ?”

“ಗೊತ್ತಿಲ್ರಿ. ಏನಾಗ್ತದೋ ಆಗ್ಲಿ, ನನ್ನ ಹೆಸರು ಬರ್ಕೋರಿ. ಆದ್ರ ಚಿಗರಿ ಅದಾವ. ಆ ಹುಲ್ಲಿನಾಗೇ ಈಯ್ತಾವ, ಅಲ್ಲೇ ಮರಿ ಮುಚ್ಚಿಡ್ತಾವ. ಖಣಿ ತೋಡಿದ್ರ ಅವು ಎಲ್ಲಿಗಿ ಹೋಗ್ಬೇಕ್ರಿ?”

“ಬಾಯಿಮಾತು ನಡೆಯಲ್ಲಮ್ಮ. ಪುರಾವೆ ಏನಿದೆ?”

ಕಾಂತಾಬಾಯಿ ಮುಂದೆ ಹೋಗಿ ಗಂಟು ಬಿಚ್ಚಿ, ತೆರೆದ ಪುಟದ ಮೇಲೆಯೇ ಸುರಿದಳು. ಕಪ್ಪನೆಯ ಹಿಕ್ಕಿ ಉರುಳಿ ಅಧಿಕಾರಿಯ ಚಹಾ ಕಪ್ಪಿನವರೆಗೂ ಹೋಯಿತು.

“ಛೀ! ಇದು ಆಡಿಂದು!”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹುಟ್ಟಿದಾಗಿನಿಂದ ಆಡಿನ ಹಿಂದೆಯೇ ತಿರುಗಿದ ಅಬ್ದುಲ ಗಫೂರ ಕೋಲೂರಿಕೊಂಡು ಎದ್ದ. “ಆಡಿಂದಲ್ರಿ. ಆಡು ನಡಕೋತ ಹಾಕ್ತದ. ಗಂಡು ಚಿಗರಿ ದಿನಾ ಒಂದೇ ಜಾಗಾಕ ಬಂದು ಹಾಕ್ತದ. ಗುಡ್ಡಿ ಗುಡ್ಡಿ ಬಿದ್ದದ. ಬರ್ರಿ, ತೋರಸ್ತೇನಿ.”

ವೈಜಿನಾಥನೂ ಎದ್ದ. ಅವನ ಮುಖ ಬೆವೆತಿತ್ತು. “ಇಲ್ಲ ಅಂತ ಬರಿ ಅಂದಾಂವ ನಾನೇರಿ. ಕೇಸ್ ಹಾಕೂದಾದ್ರ ಮೊದಲ ನನ್ನ ಹೆಸರು ಬರೀರಿ.”

“ನಂದೂ!” ಎಂದಿತು ಹೆಂಗಸರ ಕಡೆಯಿಂದ ಒಂದು ದನಿ. ಆಮೇಲೆ ಎಷ್ಟು ದನಿ ಎದ್ದವೋ!

ಆ ಗದ್ದಲದಲ್ಲೇ ಕಾಂತಾಬಾಯಿ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ‘ಇಲ್ಲ’ಕ್ಕೆ ಗೀಟು ಎಳೆದಳು.

“ತಿದ್ದಬೇಡಿ! ತಿದ್ದೋ ಹಾಗಿಲ್ಲ!”

“ಬರ್ದಾಕಿ ನಾನೇ, ತಿದ್ದಾಕಿನೂ ನಾನೇರಿ.” ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಅದಾವ’ ಎಂದು ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕಿದಳು. ಸ್ಥಳ ನೋಡುವವರೆಗೆ ಖಣಿಯ ಮಾತು ನಿಲ್ಲಿಸಿದೆ ಎಂದು ಅಧಿಕಾರಿ ಹಲ್ಲು ಕಡಿಯುತ್ತ ನಡಾವಳಿ ಬರೆದ. ಅವಳ ಮೇಲೆ ವರದಿ ಕಳಿಸುತ್ತೇನೆಂದೂ ಹೇಳಿಯೇ ಜೀಪು ಹತ್ತಿದ.

ಹೊತ್ತು ಇಳಿಯುವಾಗ ಕಾಂತಾಬಾಯಿ ಹೊಲಕ್ಕೆ ಹೋದಳು. ತೊಗರಿಯಲ್ಲಿ ಆಗಲೇ ಚಿಗರಿಗಳ ಕೋಡು ಕಾಣುತ್ತಿದ್ದವು. ಅವಳ ಮೈಯೆಲ್ಲ ಉರಿದುಹೋಯಿತು.

“ಹಾಳಾದವ್ರಾ! ನಿಮ್ಮ ಸಲುವಾಗಿ ನಾ ಜೇಲಿಗಿ ಹೋಗ್ಲಾಕ ತಯಾರಾದ್ರ, ನೀವು ನನ್ನ ತೊಗರಿಗೇ ಬಾಯಿ ಹಾಕ್ತೀರಿ? ಏಳ್ರಿ! ನಿಮ್ಮ ಜಾಗಾಕ ನಡೀರಿ!”

ಡಬ್ಬಿ ಬಡಿದಳು. ಚಿಗರಿಗಳು ಬದು ಹಾರಿ ಗಾಯರಾಣಕ್ಕೆ ಇಳಿದವು. ಒಂದು ಸಣ್ಣ ಮರಿ ಮಾತ್ರ ಬದುವಿನ ಈಚೆಗೆ ಉಳಿದಿತ್ತು. ಕಾಂತಾಬಾಯಿ ಡಬ್ಬಿಯನ್ನು ಸೆರಗಿನಲ್ಲಿ ಒತ್ತಿ ಹಿಡಿದು, ಅದು ದಾಟುವವರೆಗೆ ನಿಂತಳು.