ದಾರಿಯ ಮೇಲೆ ಕಟ್ಟಿದ ಕೋಣೆ

ಪಡುವಣ ಕಡಲಲ್ಲಿ ಬೂಟಿನ ತುದಿ ಅದ್ದಿ ಹೊರಟ ನಾರ್ಮನ್ ಥ್ವೇಟ್‌ಗೆ ಇವತ್ತು ಹದಿಮೂರನೆಯ ದಿನ. ಅದೇ ಬೂಟನ್ನು ಮೂಡಣ ಕಡಲಲ್ಲಿ ಅದ್ದಿಬಿಟ್ಟರೆ ನಡಿಗೆ ಮುಗಿಯಿತು. ನೂರ ತೊಂಬತ್ತು ಮೈಲಿಯಲ್ಲಿ ಉಳಿದಿದ್ದು ನಾಲ್ಕೇ ಮೈಲಿ. ಅವನನ್ನು ಮಳೆ ನಿಲ್ಲಿಸಲಿಲ್ಲ, ಮೊಣಕಾಲ ನೋವು ನಿಲ್ಲಿಸಲಿಲ್ಲ, ಅಟ್ಟಿಸಿಕೊಂಡು ಬಂದ ಹಸುಗಳೂ ನಿಲ್ಲಿಸಲಿಲ್ಲ. ಅವನು ನಿಲ್ಲುವ ಹಾಗೂ ಇರಲಿಲ್ಲ. ಹೊರಡುವ ಮುನ್ನ ಹೆಂಡತಿ ಬೆರಿಲ್ ಆಡಿದ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

“ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಬೇಲಿ ಅರ್ಧ, ದೋಣಿ ಅರ್ಧ, ಫ್ರೆಂಚ್ ಪಾಠ ಅರ್ಧ. ಇದೂ ಅಷ್ಟೇ ಬಿಡು. ಒಂದು ಹೆಜ್ಜೆ ತಪ್ಪಿಸಿದ್ರೂ ನೀನು ನಡೆದಿದ್ದು ಅಂತ ನಾನು ಒಪ್ಪೋಳಲ್ಲ.”

ಹಾಗಾಗಿ ನಾರ್ಮನ್ ನಕ್ಷೆಯ ಚುಕ್ಕಿಗೆರೆಯನ್ನು ಒಂದು ಗೇಣೂ ಬಿಡದೆ ತುಳಿದುಕೊಂಡು ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಗೆರೆ ಒಂದು ಮನೆಯೊಳಗೆ ಹೊಕ್ಕಿತು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಕಾಲುದಾರಿಯ ಮೇಲೇ ಕೋಣೆ ಕಟ್ಟಿದ್ದ. ಜನ ನಡೆದ ಹಳೇ ದಾರಿ ಮುಚ್ಚಲು ಕಾನೂನು ಬಿಡದು, ಕೋಣೆ ಕೆಡವಲು ಮನಸ್ಸಿಲ್ಲ. ಆಚೆಗೊಂದು ಈಚೆಗೊಂದು ಬಾಗಿಲಿಟ್ಟು, ಮೇಲೆ ಹಳದಿ ಬಾಣ ಬರೆದು ಕೈತೊಳೆದುಕೊಂಡಿದ್ದರು. ಹುಲ್ಲಿನ ಮೇಲೆ ಬಳಸಿಕೊಂಡು ಹೋಗಲು ಬೇಕಾದಷ್ಟು ಜಾಗವಿತ್ತು. ಆದರೆ ಬಳಸಿದರೆ ಬೆರಿಲ್ ಗೆದ್ದಳು. ನಾರ್ಮನ್ ಬಾಗಿಲು ತಟ್ಟಿದ.

“ಕ್ಷಮಿಸಿ,” ಎಂದ.

“ಅಯ್ಯೋ, ನೀವು ಕ್ಷಮಿಸ್ಬೇಕು,” ಎಂದಳು ಮನೆಯೊಡತಿ ಮಿಸೆಸ್ ಗಾರ್ತ್. “ನಿಮ್ಮ ದಾರೀಲಿ ಮನೆ ಇಟ್ಕೊಂಡು ಕೂತಿದ್ದೀವಿ ನೋಡಿ! ಒಂದು ಟೀ ಕುಡ್ಕೊಂಡು ಹೋಗಿ.”

ಬೇಡ ಎನ್ನಬಹುದಿತ್ತು. ಆದರೆ ಹುಟ್ಟಿನಿಂದ ಕಲಿಯದ ಮಾತು ಅರವತ್ತೆಂಟನೆಯ ವಯಸ್ಸಿನಲ್ಲಿ ನಾಲಿಗೆಗೆ ಬರುತ್ತದೆಯೇ? ಹನ್ನೊಂದು ಹೆಜ್ಜೆಯ ಕೋಣೆ ಅದು. ಆರನೆಯ ಹೆಜ್ಜೆಗೆ ಸೋಫಾ ಸಿಕ್ಕಿತು. ಕೂತ.

ಪಕ್ಕದಲ್ಲಿ ಮಿಸ್ಟರ್ ಟಟಲ್ ಎಂಬ ಇನ್ನೊಬ್ಬ ನಡಿಗೆಯವ ಕಪ್ಪು ಹಿಡಿದು ಕೂತಿದ್ದ. ಬೂಟಿನ ಕೆಸರು ಒಣಗಿ ಉದುರಿಹೋಗಿತ್ತು.

“ಮಂಗಳವಾರ ಬಂದೆ,” ಎಂದು ಪಿಸುಗುಟ್ಟಿದ.

“ಇವತ್ತು ಶುಕ್ರವಾರ!”

“ಏನ್ಮಾಡ್ಲಿ? ಹೊರಡ್ತೀನಿ ಅನ್ನೋ ಹಾಗೆ ತೊಡೆ ತಟ್ಟಿ ‘ಸರಿ ಹಾಗಾದ್ರೆ’ ಅಂತೀನಿ. ಅಷ್ಟರಲ್ಲಿ ಕಪ್ ತುಂಬಿಸಿಬಿಡ್ತಾರೆ. ತುಂಬಿದ ಕಪ್ ಬಿಟ್ಟು ಎದ್ದುಹೋಗೋಕಾಗುತ್ತಾ?”

ಬಿಸ್ಕತ್ತಿನ ತಟ್ಟೆ ತರಲು ಸಹಾಯಕ್ಕೆಂದು ನಾರ್ಮನ್ ಅಡುಗೆಮನೆಗೆ ಹೋದರೆ, ಅಲ್ಲಿ ಮಿಸೆಸ್ ಗಾರ್ತ್ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಟಟಲ್ ಅವರು ಯಾವಾಗ ಹೋಗ್ತಾರೋ ಏನೋ. ಮನೇಲಿರೋ ಬಿಸ್ಕತ್ತೆಲ್ಲ ಖಾಲಿ. ಹೋಗಿ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ? ಮಧ್ಯೆ ಮಾತು ನಿಂತರೆ ಚೆನ್ನಾಗಿರಲ್ಲ ಅಂತ ಟೀ ಸುರೀತೀನಿ ಅಷ್ಟೇ.”

ನಾರ್ಮನ್‌ಗೆ ಇಬ್ಬರನ್ನೂ ಕಂಡು ಅಯ್ಯೋ ಎನಿಸಿತು. ಹಿಂದಕ್ಕೆ ಬಂದು ಸೋಫಾದಲ್ಲಿ ಕೂತ. ಎರಡು ಸಲ ತೊಡೆ ತಟ್ಟಿದ. ಎರಡು ಸಲವೂ ಕಪ್ಪು ತುಂಬಿತು. ಮೂಡಣ ಬಾಗಿಲು ಐದೇ ಹೆಜ್ಜೆ ದೂರದಲ್ಲಿತ್ತು.

ಮೂರು ಗಂಟೆಗೆ ಆ ಬಾಗಿಲನ್ನೇ ಯಾರೋ ದಬದಬ ಬಡಿದರು. ಕಡಲ ದಂಡೆಯಲ್ಲಿ ಕಾದು ಕಾದು ಸಾಕಾಗಿ ಬೆರಿಲ್ ಅದೇ ದಾರಿ ಹಿಡಿದು ಎದುರಾಗಿ ನಡೆದೇ ಬಂದಿದ್ದಳು. ಮುಖ ಕೆಂಡವಾಗಿತ್ತು. “ಎಲ್ಲಿ ಅವನು?” ಎನ್ನುತ್ತ ಹೊಸ್ತಿಲು ದಾಟಿದವಳು ಮಿಸೆಸ್ ಗಾರ್ತ್‌ಳನ್ನು ಕಂಡದ್ದೇ ತಡ, ಬೂಟು ಒರೆಸಿಕೊಂಡು ನಕ್ಕಳು.

“ಕ್ಷಮಿಸಿ, ತೊಂದರೆ ಕೊಟ್ಟೆ.”

“ತೊಂದರೆ ಏನು ಬಂತು? ಟೀ?”

“ಒಂದೇ ಒಂದು ಗುಟುಕು.”

ಮುಗಿಯಿತು ಕಥೆ ಎಂದುಕೊಂಡ ನಾರ್ಮನ್. ಬೆರಿಲ್ ಅವನ ಪಕ್ಕದಲ್ಲಿ ಕೂತು, ಹಲ್ಲುಕಚ್ಚಿ, “ಇದನ್ನೂ ಅರ್ಧಕ್ಕೇ ಬಿಟ್ಯಲ್ಲೋ,” ಎಂದಳು. ಆಮೇಲೆ ಒಂದು ಗಂಟೆ ಹವಾಮಾನದ ಮಾತಾಯಿತು. ಬೆರಿಲ್ ಮೂರು ಸಲ ತೊಡೆ ತಟ್ಟಿದಳು. ಅವಳ ಕಪ್ಪೂ ತುಂಬುತ್ತಲೇ ಹೋಯಿತು.

ಮಿಸೆಸ್ ಗಾರ್ತ್ ನಾರ್ಮನ್‌ನ ಕಪ್ಪಿಗೆ ಏಳನೆಯ ಸಲ ಟೀ ಬಗ್ಗಿಸುತ್ತಿದ್ದಾಗ ಅವನು ಎದ್ದುಬಿಟ್ಟ. ತೊಡೆ ತಟ್ಟಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ಕೆಟಲಿನಿಂದ ಟೀ ಇನ್ನೂ ಬೀಳುತ್ತಲೇ ಇತ್ತು. ಐದು ಹೆಜ್ಜೆ ಹಾಕಿ ಹೊರಗೆ ಹೋದ. ಹಿಂದಿನಿಂದ ಯಾರಾದರೂ ಬೈದಿದ್ದರೇ ವಾಸಿಯಿತ್ತು. ನಾಚಿಕೆಗೆ ಅವನ ಕಿವಿ ನಾಲ್ಕು ಮೈಲಿಯೂ ಉರಿಯಿತು.

ಕಡಲಲ್ಲಿ ಬೂಟು ಅದ್ದಿದಾಗ ಮಾತ್ರ ಅತ್ತುಬಿಟ್ಟ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ಮುಗಿಸ್ದೆ ಬೆರಿಲ್! ಒಂದು ಹೆಜ್ಜೇನೂ ಬಿಡ್ಲಿಲ್ಲ.”

“ಗೊತ್ತು ಕಣೋ. ಈ ಕೋಣೇಲಿ ಕೊನೇ ಐದು ನಾನೇ ಎಣಿಸ್ದೆ.” ಅವಳ ದನಿ ಪಿಸುಮಾತಿನಲ್ಲಿತ್ತು. “ಒಪ್ಪಿದೆ. ನೀನೇ ಗೆದ್ದೆ. ಈಗ ಬಂದು ನನ್ನ ಕರ್ಕೊಂಡು ಹೋಗೋ. ನನಗೆ ಏಳೋಕಾಗ್ತಿಲ್ಲ.”

ನಲವತ್ತು ವರ್ಷದಲ್ಲಿ ಮೊದಲ ಸಲ ಸಿಕ್ಕ ಗೆಲುವು. ಆದರೂ ಅವಳ ದನಿ ಕೇಳಿ ಬಂದ ದಾರಿಯತ್ತಲೇ ತಿರುಗಿದ.

“ಬಂದೆ. ಬಾಗಿಲಾಚೆ ನಿಂತು ನಿನ್ನ ಹೆಸರು ಹಿಡಿದು ಜೋರಾಗಿ ಕೂಗ್ತೀನಿ. ಎದ್ದು ಓಡಿ ಬಾ.”

“ಕೂಗ್ತೀಯಾ?” ಬೆರಿಲ್ ಬೆಚ್ಚಿಬಿದ್ದಳು. “ಬೇರೆಯವರ ಮನೇಲಿ? ಬೇಡಪ್ಪ ಬೇಡ. ಅವರ ಮನಸ್ಸಿಗೆ ಎಷ್ಟು ಬೇಜಾರಾಗ್ಬೇಡ? ನೀನು ಮನೆಗೆ ಹೋಗು. ನಾನು ಇಲ್ಲೇ ಇದ್ದುಬಿಡ್ತೀನಿ.”