ಡೂಗಲ್‌ನ ಕೋಣೆಯ ಗಾಳಿ

ಕ್ಯಾನ್‌ಬೆರಾದ ನಮ್ಮ ತರಬೇತಿ ಕೇಂದ್ರದಲ್ಲಿ ಆ ಚಳಿಗಾಲ ಡೂಗಲ್‌ನ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ. ಅವನೂ ನಾನೂ ವೇಗನಡಿಗೆಯವರು. ರಾಷ್ಟ್ರೀಯ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ, ಅದರ ಮೇಲೆ ಇಬ್ಬರ ಕಣ್ಣೂ ಇತ್ತು. ನನಗಂತೂ ವಯಸ್ಸಾಗುತ್ತ ಬಂದಿತ್ತು. ಈ ಸಲ ತಪ್ಪಿದರೆ ಮುಗಿಯಿತು.

ಡಾಕ್ಟರ್ ಇಶ್ಬೆಲ್ ತಮ್ಮ ಸಂಶೋಧನೆಗೆ ನಮ್ಮಿಬ್ಬರನ್ನೂ ಹಿಡಿದುಹಾಕಿದ್ದರು. ಎರಡು ಕೋಣೆ. ಒಂದರಲ್ಲಿ ಬೆಟ್ಟದ ತುದಿಯಲ್ಲಿರುವಂತೆ ಆಮ್ಲಜನಕ ಕಡಿಮೆ ಮಾಡಿದ ಗಾಳಿ, ಇನ್ನೊಂದರಲ್ಲಿ ಮಾಮೂಲಿ ಗಾಳಿ. ಬೆಟ್ಟದ ಗಾಳಿಯಲ್ಲಿ ಪಳಗಿದವನಿಗೆ ಸ್ಪರ್ಧೆಯಲ್ಲಿ ದಮ್ಮು ಹೆಚ್ಚು ಅನ್ನುವುದು ನಮ್ಮೆಲ್ಲರ ನಂಬಿಕೆ. ಎರಡರಲ್ಲೂ ಯಂತ್ರ ಒಂದೇ ಥರ ಗುಂಯ್‌ಗುಡುತ್ತಿತ್ತು. ಯಾರಿಗೆ ಯಾವುದೆಂದು ಹೇಳುವಂತಿರಲಿಲ್ಲ. ಉಸಿರಿಗೆ ಬರ ಬಂದಾಗ ಸ್ನಾಯುವಿನ ಯಾವ ಜೀನ್‌ಗಳು ಚುರುಕಾಗುತ್ತವೆಂದು ನೋಡಲು ನಮ್ಮ ತೊಡೆಯಿಂದ ಚೂರು ಮಾಂಸ ಕೀಳುತ್ತಿದ್ದರು.

ಬೆಟ್ಟದ ಗಾಳಿ ತನಗೇ ಸಿಕ್ಕಿದೆಯೆಂದು ಡೂಗಲ್ ಮೊದಲ ದಿನವೇ ತೀರ್ಮಾನಿಸಿಬಿಟ್ಟ. ಗೋಡೆ ಹಿಡಿದುಕೊಂಡು ಓಡಾಡತೊಡಗಿದ. ಊಟದ ಮೇಜಿನಲ್ಲಿ ಉಪ್ಪು ಕೇಳುವುದಕ್ಕೂ ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದ.

"ನನ್ನ ಕೋಣೇಲಿ ಗಾಳಿನೇ ಇಲ್ಲ ಕಣೋ ನೆವ್! ಜೀನ್‌ಗಳೆಲ್ಲ ಎದ್ದು ಕುಣೀತಿವೆ, ತೊಡೇಲಿ ಗೊತ್ತಾಗುತ್ತೆ."

"ಅದು ಸೂಜಿ ಚುಚ್ಚಿದ ನೋವು ಮಾರಾಯ."

"ಹೊಟ್ಟೆಕಿಚ್ಚು ನಿಂಗೆ!"

ನನ್ನ ಕೋಣೆಯಲ್ಲಿ ನನಗೂ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ.

ಆಯ್ಕೆಯ ಸ್ಪರ್ಧೆಗೆ ಒಂದು ವಾರವಿರುವಾಗ ಅವನ ಹುಟ್ಟುಹಬ್ಬ ಬಂತು. ಒಂದು ಲ್ಯಾಮಿಂಗ್ಟನ್ ಕೇಕ್ ತಂದು, ಅದಕ್ಕೊಂದು ಮೇಣದಬತ್ತಿ ಸಿಕ್ಕಿಸಿ, ಹೊರಗಡೆಯೇ ಹಚ್ಚಿಕೊಂಡು ಅವನ ಕೋಣೆಗೆ ಹೋದೆ. ಅವನು ನನಗೆ ಬೆನ್ನು ಹಾಕಿ ಟ್ರೆಡ್‌ಮಿಲ್ ಮೇಲೆ ಸೊಂಟ ಕುಣಿಸುತ್ತ ನಡೆಯುತ್ತಿದ್ದ. ಬಾಗಿಲು ಮುಚ್ಚಿದೆ. ಬತ್ತಿ ನೆಟ್ಟಗೆ ಉರಿಯುತ್ತಲೇ ಇತ್ತು.

ಆಗ ಹೊಳೆಯಿತು ನನ್ನ ಮಂದಬುದ್ಧಿಗೆ. ಬೆಟ್ಟದ ಗಾಳಿಯ ಕೋಣೆಯಲ್ಲಿ ಬೆಂಕಿ ಹತ್ತುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಂದರೆ ಆ ಗಾಳಿ ಸಿಗುತ್ತಿದ್ದದ್ದು ನನಗೆ! ಇವನಿಗೆ ಬತ್ತಿ ತೋರಿಸಿದ್ದರೆ ಸಾಕಿತ್ತು, ಇವನ ಧೈರ್ಯ ಅಲ್ಲೇ ಕುಸಿದು ತಂಡದ ಜಾಗ ನನ್ನ ಕೈಗೆ ಬರುತ್ತಿತ್ತು. ಆದರೆ ಅವನು ತಿರುಗಿ ನೋಡುವಷ್ಟರಲ್ಲಿ ಅಯ್ಯೋ ಅನ್ನಿಸಿತು. ಉಫ್ ಎಂದು ಊದಿಬಿಟ್ಟೆ.

"ಬತ್ತಿ ಹಚ್ಚೋದಕ್ಕೂ ಸೋಮಾರಿತನಾನಾ?" ಅಂದ.

"ಹಚ್ಚಿದ್ದೆ ಕಣೋ. ಒಳಗೆ ಬರ್ತಿದ್ದಂಗೆ ಆರಿಹೋಯ್ತು."

ಡೂಗಲ್‌ನ ಮುಖ ಅರಳಿದ್ದನ್ನು ನೋಡಬೇಕಿತ್ತು. "ನಾನು ಹೇಳಲಿಲ್ವಾ!" ಎಂದು ಕೂಗಿ ಲ್ಯಾಮಿಂಗ್ಟನ್ನನ್ನು ಒಬ್ಬನೇ ತಿಂದ. ನಾನೂ ಶಿಳ್ಳೆ ಹಾಕುತ್ತ ಹೊರಟೆ. ನಿಜವಾದ ಜೀನ್ ನನ್ನ ಕಡೆ ಇರುವಾಗ ನನಗೇನು ಭಯ?

ಸ್ಪರ್ಧೆಯ ದಿನ ಕೆರೆಯ ದಂಡೆಯ ಕೊನೆಯ ಸುತ್ತಿನಲ್ಲಿ ಡೂಗಲ್ ನನ್ನನ್ನು ದಾಟಿದ. ಮತ್ತೆ ಕೈಗೆ ಸಿಗಲಿಲ್ಲ. ಗುರಿಯ ಗೆರೆಯಾಚೆ ನಾನು ಹುಲ್ಲಿನ ಮೇಲೆ ಬಿದ್ದುಕೊಂಡು ಅತ್ತೆ. ಬೆವರು ಅಂತ ಹೇಳಿದೆ.

ಆಮೇಲೆ ಡಾಕ್ಟರ್ ಇಶ್ಬೆಲ್ ಇಬ್ಬರನ್ನೂ ಕರೆಸಿದರು.

"ನೆವ್, ನಿನ್ನ ಸ್ನಾಯು ನೋಡಿ ತುಂಬಾ ಖುಷಿಯಾಯ್ತು. ಆಕ್ಸಿಜನ್ ಕಮ್ಮಿಯಾದಾಗ ಚುರುಕಾಗೋ ಜೀನ್‌ಗಳೆಲ್ಲ ಚುರುಕಾಗಿವೆ. ಡೂಗಲ್, ನಿನ್ನಲ್ಲಿ ಅವು ಜಗ್ಗಿಲ್ಲಪ್ಪ. ನಿಂಗೆ ಕೊಟ್ಟಿದ್ದು ಮಾಮೂಲಿ ಗಾಳಿ."

ಡೂಗಲ್‌ನ ಮುಖ ಇಳಿದುಹೋಯಿತು. ಪಾಪ ಅನ್ನಿಸಿ ಅವನ ಹೆಗಲ ಮೇಲೆ ಕೈ ಹಾಕಿದೆ. ಅವನು ನಿಧಾನವಾಗಿ ತಲೆ ಎತ್ತಿದ.

"ಅಂದ್ರೆ ಡಾಕ್ಟ್ರೇ, ಬೆಟ್ಟದ ಗಾಳಿ ಕುಡಿದ ಇವನನ್ನ ನಾನು ಬರೀ ಕಾಲಿನ ಬಲದಲ್ಲೇ ಸೋಲಿಸಿದ್ನಾ?"

"ಹಾಗೇ ಅನ್ನಬೇಕು," ಅಂದರು ಡಾಕ್ಟರ್.

ಅವನ ಹೆಗಲ ಮೇಲಿಂದ ಕೈ ತೆಗೆದೆ. ಇನ್ನೊಂದು ಗಳಿಗೆ ಅಲ್ಲೇ ಬಿಟ್ಟಿದ್ದರೆ ಅದು ಕುತ್ತಿಗೆಗೆ ಹೋಗುತ್ತಿತ್ತು.